ಅಪ್ಪನ ಮಾತು, ನನ್ನ ಬಾಯಿ

ಸೆಪ್ಟೆಂಬರ್ 8, ಸೋಮವಾರ. ಹಿರಿಯೂರು

ಎಲೆಕೋಸು ಹೆಚ್ಚಿಕೊಟ್ಟು ಕಾಲೇಜಿಗೆ ಓಡಿದೆ. ಕೈಯಲ್ಲಿ ಇನ್ನೂ ವಾಸನೆ. ಇತಿಹಾಸದ ಪೀರಿಯಡ್‌ನಲ್ಲಿ ಎದ್ದು "ಮಾನ್ಯರೇ, ನನ್ನದೊಂದು ವಿನಂತಿ" ಅಂದೆ. ಕ್ಲಾಸೆಲ್ಲ ನಕ್ಕಿತು. ಹಿಂದಿನ ಬೆಂಚಿನಿಂದ ರಂಜಿತಾ: "ಮೈಕ್ ಆನ್ ಆತು ನೋಡ್ರೇ."

ಏನು ಮಾಡಲಿ... ಹದಿಮೂರನೇ ವಯಸ್ಸಿಗೆ ನೇಪಾಳದಿಂದ ಬಂದವಳು. ಬೀದಿಯ ಮಾತು ಯಾರೂ ಕಲಿಸಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹಂಚುವ ಕರಪತ್ರ ಓದಿ ಕನ್ನಡ ಕಲಿತೆ. ಕಾರ್ಮಿಕರದ್ದು, ಮಹಿಳೆಯರದ್ದು, ಸಂವಿಧಾನದ್ದು. ಅವುಗಳಲ್ಲಿ ಯಾರೂ ಹೆದರಿ ಮಾತಾಡುವುದಿಲ್ಲ. ಅದಕ್ಕೇ ಇಷ್ಟ.

ಮನೆಯಲ್ಲಿ ಯಾರಿಗೂ ಕನ್ನಡ ಓದಲು ಬಾರದು. ಅದಕ್ಕೇ ಈ ಡೈರಿ ಕನ್ನಡದಲ್ಲಿ. ನೇಪಾಳಿಯಲ್ಲಿ ಕರೆಯುವ ಬುವಾ ಇಲ್ಲಿ ಅಪ್ಪ ಆಗುತ್ತಾರೆ.

ಸೆಪ್ಟೆಂಬರ್ 10, ಸಂಜೆ

ಅಪ್ಪ ಹೈವೇ ಪಕ್ಕ ಜಂಬಣ್ಣನ ಹೋಟೆಲಿನಲ್ಲಿ ಗೋಬಿ ಮಂಚೂರಿ, ಎಗ್ ರೈಸ್ ಮಾಡುತ್ತಾರೆ. ವಾರದ ರಜೆ ಇಲ್ಲ. ನಾವಿರುವ ರೂಮೂ ಹೋಟೆಲಿನ ಹಿಂದೆಯೇ. ಸಣ್ಣ ಮಾತಿಗೆ ಇಬ್ಬರ ಮುರುಕು ಹಿಂದಿ ಸಾಕು. ದೊಡ್ಡ ಮಾತಿಗೆ ನಾನು ಬೇಕು.

ಈಗ ದೊಡ್ಡ ಮಾತು ಬಂದಿದೆ. ದಶೈಂ ಹಬ್ಬಕ್ಕೆ ಅಪ್ಪ ಊರಿಗೆ ಹೋಗಬೇಕಂತೆ. ಆ ಹಬ್ಬದಲ್ಲಿ ಹಿರಿಯರು ಅಕ್ಕಿ, ಮೊಸರು, ಕುಂಕುಮ ಕಲಸಿ ಕಿರಿಯರ ಹಣೆಗೆ ಒತ್ತುತ್ತಾರೆ. ಅಜ್ಜಿಯ ಕೈಯಿಂದ ಅಪ್ಪ ಹಚ್ಚಿಸಿಕೊಂಡು ನಾಲ್ಕು ವರ್ಷವಾಯಿತು. ಅಜ್ಜಿಗೆ ಈಗ ಕಣ್ಣು ಕಾಣುವುದಿಲ್ಲ. ಇಲ್ಲಿ ಅದೇ ಹೊತ್ತಿಗೆ ಆಯುಧಪೂಜೆ. ಹೋಟೆಲಿನಲ್ಲಿ ನಿಲ್ಲಲು ಜಾಗವಿರುವುದಿಲ್ಲ.

"ಮೆಲ್ಲಗೆ ಕೇಳು" ಎಂದರು ಅಪ್ಪ. "ಅವರಿಗೆ ತೊಂದರೆಯಾಗುತ್ತದೆ, ಗೊತ್ತಿದೆ ಎಂದು ಮೊದಲು ಹೇಳು. ತಾಯಿಯ ಕೈಗೆ ಈ ಸಲ ನನ್ನ ಹಣೆ ಸಿಗಬೇಕು. ಅಷ್ಟೇ."

ಸೆಪ್ಟೆಂಬರ್ 11

ಕೇಳಿದೆ. ಪಕ್ಕದಲ್ಲಿ ಅಪ್ಪ ಕೈಕಟ್ಟಿ ನಿಂತಿದ್ದರು. ಹಾಗೆ ನಿಂತದ್ದು ನೋಡಿ ಮೈ ಉರಿಯಿತು. "ರಜೆ ಭಿಕ್ಷೆಯಲ್ಲ, ಕಾರ್ಮಿಕನ ಹಕ್ಕು. ವಾರದ ರಜೆ ಕೊಡದಿರುವುದು ಕಾನೂನುಬಾಹಿರ" ಅಂದೆ. ಅಜ್ಜಿಯ ಸುದ್ದಿ ಎತ್ತಲೇ ಇಲ್ಲ.

ಜಂಬಣ್ಣ ಮೊದಲು ನಕ್ಕರು. "ಏನವ್ವ ಮಾಯಕ್ಕ, ಎಲೆಕ್ಷನ್‌ಗೆ ನಿಂತೀಯೇನು?" ನನ್ನ ಹೆಸರು ಮಾಯಾ, ಅವರ ಬಾಯಲ್ಲಿ ಯಾವಾಗಲೂ ಮಾಯಕ್ಕ. ಆಮೇಲೆ ನಗು ಹೋಯಿತು.

"ಇದು ನಿಮ್ಮಪ್ಪನ ಮಾತೇನು?"

"ಹೌದು."

"ಹಂಗಾರೆ ಊರಿಗೆ ಹೋಗ್ಲಿ ಬಿಡು. ಕಾನೂನು ಮಾತಾಡೋರು ನನಗೆ ಬ್ಯಾಡ. ಭರಮಸಾಗರದಾಗೆ ಒಬ್ಬ ಅಡಿಗೆಯವ ಅವ್ನೆ, ಕರೆಸ್ಕಂತೀನಿ. ರೂಮೂ ಅವಂಗೇ ಬೇಕಾಗುತ್ತೆ."

ಏನಂದರು ಎಂದು ಅಪ್ಪ ಕೇಳಿದರು.

"ಹೋಗಬಹುದಂತೆ" ಅಂದೆ. ಸುಳ್ಳಲ್ಲ. ನಿಜವೂ ಅಲ್ಲ.

ಅಪ್ಪ ಜಂಬಣ್ಣನಿಗೆ ಕೈಮುಗಿದರು.

ಸೆಪ್ಟೆಂಬರ್ 12

ಸುಸ್ತು.

ಸೆಪ್ಟೆಂಬರ್ 16

ಅಪ್ಪ ಅಜ್ಜಿಗೆ ಶಾಲು ತಂದಿದ್ದಾರೆ. ಅಮ್ಮ ಊರಿನ ಚೀಲ ಒಗೆದು ಒಣಹಾಕಿದ್ದಾಳೆ. ತಿರುಗಿ ಬಂದರೆ ಕೆಲಸವಿಲ್ಲ, ರೂಮಿಲ್ಲ. ಇಬ್ಬರಿಗೂ ಗೊತ್ತಿಲ್ಲ.

ಹುಮೇರಾಗೆ ಹೇಳಿದೆ. ಕ್ಲಾಸಿನಲ್ಲಿ ನನ್ನ ಜೊತೆ ಕೂರುವವಳು ಅವಳೊಬ್ಬಳೇ. "ನೀ ಹೇಳಿದ್ದು ಸರೀನೇ ಐತೆ ಕಣೆ. ಆದ್ರೆ ಅದು ನಿನ್ ಮಾತು. ಅಂಕಲ್ ಮಾತು ಎಲ್ಲೋಯ್ತು?"

ಕರಪತ್ರಗಳನ್ನೆಲ್ಲ ತಿರುವಿದೆ. ದನಿ ಇಲ್ಲದವರಿಗೆ ದನಿಯಾಗಿ ಎಂದಿದೆ. ಅಪ್ಪನಿಗೆ ದನಿ ಇತ್ತು. ಅದರ ಬಗ್ಗೆ ಏನೂ ಇಲ್ಲ.

ಸೆಪ್ಟೆಂಬರ್ 18, ಬೆಳಿಗ್ಗೆ

ಒಬ್ಬಳೇ ಹೋದೆ. ಜಂಬಣ್ಣ ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗುತ್ತಿದ್ದರು.

"ಮೊನ್ನೆ ಆಡಿದ್ದು ನನ್ನ ಮಾತಣ್ಣ. ಅಪ್ಪ ಹೇಳಿದ್ದು ಬ್ಯಾರೆ ಐತೆ." ಆ 'ಐತೆ' ಬಾಯಿಗೆ ಹೇಗೆ ಬಂತೋ. ಅಜ್ಜಿಯ ವಿಷಯ ಹೇಳಿದೆ. ಕಣ್ಣು, ಹಣೆ, ಎಲ್ಲ.

ಊದುಬತ್ತಿ ಸಿಕ್ಕಿಸಿ ನನ್ನ ಕಡೆ ತಿರುಗಿದರು. "ಆ ಭರಮಸಾಗರದವ ಇನ್ನೂ ಬರ್ತೀನಿ ಅಂದಿಲ್ಲ. ಸಂಜೆ ನಿಮ್ಮಪ್ಪನ್ನ ಕರ್ಕಂಬಾ. ಇನ್ನೊಂದ್ಸತಿ ಹೇಳ್ಲಿ, ನೋಡಾಣ. ನೀನು ಒಗ್ಗರಣೆ ಹಾಕ್ಬ್ಯಾಡ."

ಸಂಜೆ

ಅಪ್ಪನಿಗೆ ಎಲ್ಲ ಹೇಳಿದೆ. ಹೊಡೆಯಲಿ ಎಂದುಕೊಂಡಿದ್ದೆ. ಮಡಿಸಿದ್ದ ಶಾಲನ್ನೇ ಬಿಡಿಸಿ ಮತ್ತೆ ಮಡಿಸಿದರು.

"ವಾರದ ರಜೆ ನಿಜವಾಗಿ ಕಾನೂನಿನಲ್ಲಿದೆಯೇ?"

"ಇದೆ."

"ಅವರಿಗೆ ಹೇಳಿದೆ. ನನಗೆ ಯಾಕೆ ಹೇಳಲಿಲ್ಲ?"

ಇಷ್ಟು ಓದಿದ್ದೇನೆ. ಒಂದು ಹಾಳೆಯನ್ನೂ ಅಪ್ಪನಿಗೆ ಓದಿ ಹೇಳಿಲ್ಲ. ಈ ಪ್ರಶ್ನೆಗಿಂತ ಹೊಡೆತ ವಾಸಿಯಿತ್ತು.

ಶಾಲನ್ನು ಚೀಲಕ್ಕೆ ಹಾಕಿ ಅಪ್ಪ ಅಂದರು: "ಅದನ್ನೂ ಕೇಳೋಣ. ಮೊದಲು ತಾಯಿಯ ಮಾತು, ಆಮೇಲೆ ಅದು. ನಾನು ಹೇಳಿದಷ್ಟೇ ಹೇಳು."

ಈಗ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾರೆ. ಕೈ ಕಟ್ಟಿಕೊಂಡಿಲ್ಲ. ಮೊದಲು ತಾಯಿಯ ಮಾತು, ಆಮೇಲೆ