ಕಾಶೀರಾಮ ಆ ದಿನ ಎಲ್ಲಿದ್ದ

ಠಾಣಾ ಕುಶನೂರಿನ ಬಾಜೂಕಿನ ಹಳ್ಳಿ,
ಔರಾದ ತಾಲೂಕು.
ತಾ. ೯ ಜನವರಿ ೧೯೪೯

ಪ್ರೀತಿಯ ಸುಭದ್ರಾ,

ನಿನ್ನ ಕಾಗದ ಭಾಲ್ಕಿಯಿಂದ ಬಂದ ಗಾಡಿಯವನ ಕೈಯಲ್ಲಿ ಮೊನ್ನೆ ಮುಟ್ಟಿತು. ಸಂಕ್ರಾಂತಿ ಮುಗಿಸಿ ನೀನೂ ಇಲ್ಲಿಗೆ ಬಂದು ಕೇರಿಯ ಮಕ್ಕಳಿಗೆ ಕಲಿಸುತ್ತೀ ಎಂದು ಓದಿದ ಮೇಲೆ ಎರಡು ದಿನ ಉತ್ತರ ಬರೆಯಲಾಗಲಿಲ್ಲ. ನನ್ನ ದಸರೆಯ ಕಾಗದವನ್ನು ಸೊಲ್ಲಾಪುರದ ಹೆಣ್ಣುಮಕ್ಕಳ ಸಭೆಯಲ್ಲಿ ಗಟ್ಟಿಯಾಗಿ ಓದಿದೆಯಂತೆ, ಕೇಳಿದವರು ಕಣ್ಣೊರಸಿಕೊಂಡರಂತೆ. ಆ ಕಾಗದದಲ್ಲಿ ಒಂದು ಸುಳ್ಳಿತ್ತು. ಕೇರಿಯ ಕಾಶೀರಾಮ ಕೂಲಿ ಹುಡುಕಿಕೊಂಡು ಹೈದರಾಬಾದಿಗೆ ಹೋದ ಎಂದು ಬರೆದಿದ್ದೆ. ಅವನು ಎಲ್ಲಿಗೂ ಹೋಗಲಿಲ್ಲ, ಸುಭದ್ರಾ. ಈ ಕಾಗದವನ್ನು ಯಾರ ಮುಂದೆಯೂ ಓದಬೇಡ.

ಎರಡು ವರ್ಷದ ಹಿಂದೆ ನಾನು ಬಂದಾಗ ನಿಜಾಮರ ಸೀಮೆ ನಮಗೆ ಪರದೇಶವೇ. ಗಡಿಯ ನಾಕಾದಲ್ಲಿ ನನ್ನ ಟ್ರಂಕು ಬಿಚ್ಚಿಸಿ ಅಂಕಲಿಪಿಗಳನ್ನು ಒಂದೊಂದಾಗಿ ಜಾಡಿಸಿ ನೋಡಿದ್ದರು. ಗಂಡ ಸತ್ತ ಮೇಲೆ ಅಣ್ಣನ ಮನೆಯ ಒಲೆ ಮುಂದೆ ಕೂತಿದ್ದ ನನಗೆ ಆ ಹೊತ್ತಿನಲ್ಲಿ ಹೆದರಿಕೆಗಿಂತ ಹಿಗ್ಗೇ ಹೆಚ್ಚಾಗಿತ್ತು. ನನ್ನನ್ನು ಕರೆಸಿಕೊಂಡ ಮನ್ಮಥಪ್ಪನವರು ಈ ಊರಿನ ದೊಡ್ಡ ಒಕ್ಕಲುತನದವರು, ನಿಜಾಮರ ವಿರುದ್ಧದ ಚಳವಳಿಯವರು. ಊರಿಗೂ ಕೇರಿಗೂ ನಡುವೆ ಇದ್ದ ದನದ ಮೇವಿನ ಕಣಿಕೆ ತುಂಬುವ ತಮ್ಮ ಕೋಣೆ ಕೊಟ್ಟರು. ಮುಂದಿನ ಭಾಗ ಸಾಲಿ, ಹಿಂದಿನ ಭಾಗ ನನ್ನ ಬಿಡಾರ.

ಮೊದಲ ಹದಿನೈದು ದಿನ ಒಂದು ಕೂಸೂ ಬರಲಿಲ್ಲ. ಆಮೇಲೆ ಒಂದು ಮುಂಜಾನೆ ಕಾಶೀರಾಮ ತನ್ನ ಮಗಳು ಜಿಜಾಳ ಕೈ ಹಿಡಿದು ತಂದು, ಅಂಗಳದಾಚೆಯೇ ನಿಂತು ಹೇಳಿದ: “ಬರೇ ಸಹಿ ಕಲಸ್ರಿ ಬಾಯಿ, ಸಾಕು. ಹೆಬ್ಬಟ್ಟ ಒತ್ತಿ ಒತ್ತಿ ನಮ್ಮಪ್ಪನ ಹೊಲ ಹೋಯ್ತು.” ಜಿಜಾ ಆರು ತಿಂಗಳಲ್ಲಿ ಓದತೊಡಗಿದಳು. ಅವಳನ್ನು ನೋಡಿ ಹನ್ನೊಂದು ಮಕ್ಕಳಾದರು. ಇದಿಷ್ಟೂ ನಿನಗೆ ಗೊತ್ತು. ಗೊತ್ತಿಲ್ಲದ್ದನ್ನು ಈಗ ಬರೆಯುತ್ತೇನೆ.

ಹೋದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ರಜಾಕಾರರು ಊರಿಗೆ ನುಗ್ಗಿದರು. ಮಕ್ಕಳು ಮನೆಗೆ ಹೋಗಿದ್ದರು. ಬಂದೂಕಿನ ಸದ್ದು ಕೇಳಿದ ಕೂಡಲೆ ಕಾಶೀರಾಮ ಕೊಡಲಿ ಹಿಡಿದು ಓಡಿ ಬಂದ. ಎಂದೂ ಹೊಸ್ತಿಲು ದಾಟದವನು ಒಳಗೆ ಬಂದು, ಅಗಳಿ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಇಬ್ಬರು ಬಂದು ಬಾಗಿಲು ಒದ್ದರು. ಒಳಗೆ ಕಾಲರಾ ಬಡಿದವರಿದ್ದಾರೆ ಎಂದು ಅವನು ಉರ್ದುವಿನಲ್ಲಿ ಕೂಗಿದ. ಅವರು ಬೈಯುತ್ತ ಹೋದರು. ಹೊತ್ತು ಮುಳುಗುವವರೆಗೆ ಅವನು ಹಾಗೇ ಕೂತಿದ್ದ. ನೀರು ಕೊಡಹೋದರೆ, “ಬ್ಯಾಡ್ರಿ ಬಾಯಿ, ನಿಮ್ಮ ಕೊಡ ಮೈಲಿಗಿ ಆಗ್ತದ” ಎಂದ. ನಾನೂ ಒತ್ತಾಯ ಮಾಡಲಿಲ್ಲ.

ಅದೇ ಹೊತ್ತಿನಲ್ಲಿ ಮನ್ಮಥಪ್ಪನವರ ತಮ್ಮ ಶಿವರಾಜಪ್ಪನನ್ನು ಬಣವೆಯೊಳಗಿಂದ ಎಳೆದು ಗುಂಡು ಹಾಕಿದ್ದರು. ಅವನು ಅಡಗಿದ ಜಾಗ ತೋರಿಸಿದವರು ಯಾರೋ ಇರಬೇಕು ಎಂಬ ಮಾತು ಅಂದೇ ಹುಟ್ಟಿತು.

ಸಪ್ಟೆಂಬರಿನಲ್ಲಿ ಪೊಲೀಸ್ ಆ್ಯಕ್ಷನ್ ಆಯಿತು. ಲಷ್ಕರಿನ ಗಾಡಿಗಳಿಗೆ ನಾನೂ ಹೂವು ಎರಚಿದೆ. ಊರ ಮುಸಲ್ಮಾನರ ಓಣಿ ಮೂರು ದಿನದಲ್ಲಿ ಬರಿದಾಯಿತು. ಆಮೇಲೆ ಜನ ಕೇರಿಯ ಕಡೆ ತಿರುಗಿದರು. ರಜಾಕಾರರ ಲೂಟಿಯ ಚೀಲಗಳನ್ನು ಹೊತ್ತವರು ಕೇರಿಯವರೇ ಎಂದರು. ಹೊತ್ತದ್ದು ನಿಜ, ಬೆನ್ನಿಗೆ ಬಂದೂಕು ಇಟ್ಟು ಹೊರಿಸಿದ್ದರು.

ಆ ಮಧ್ಯಾಹ್ನ ಕೇರಿಯಲ್ಲಿ ಕಾಣದಿದ್ದ ಕಾಶೀರಾಮನೇ ಶಿವರಾಜಪ್ಪನನ್ನು ತೋರಿಸಿಕೊಟ್ಟವನು ಎಂದು ಅವನನ್ನು ಚಾವಡಿಯ ಮುಂದೆ ತಂದು ನಿಲ್ಲಿಸಿದರು. ನನ್ನನ್ನೂ ಕರೆಸಿದ್ದರು. ಶಿವರಾಜಪ್ಪ ಸತ್ತ ದಿನ ಎಲ್ಲಿದ್ದೆ ಎಂದು ಮನ್ಮಥಪ್ಪನವರು ಕೇಳಿದರು. ಕಾಶೀರಾಮ ಒಮ್ಮೆ ನನ್ನ ಮುಖ ನೋಡಿದ. ನಾನು ಸೆರಗು ಎಳೆದುಕೊಂಡು ನೆಲ ನೋಡಿದೆ. “ಹೊಲದಾಗಿದ್ದೆನ್ರಿ ಮಾಲಕ” ಎಂದ.

ಕಂಡವರು ಯಾರು ಎಂದರೆ ಯಾರೂ ಇಲ್ಲ ಎಂದ. ಆಗ ಮನ್ಮಥಪ್ಪನವರು ನನ್ನ ಕಡೆ ತಿರುಗಿ, “ಬಾಯಾರ, ನೀವು ಕೇರಿ ಹತ್ರಾನೇ ಇರ್ತೀರಿ. ಅವತ್ತ ಇಂವನ್ನ ನೋಡಿದ್ರೇನ್ರಿ?” ಎಂದು ಕೇಳಿದರು.

ನಾನು “ಇಲ್ರಿ” ಅಂದೆ.

ಒಂದೇ ಶಬ್ದ. ಯಾಕೆ ಅಂದೆ ಎಂದು ದಿನಾ ಕೇಳಿಕೊಳ್ಳುತ್ತೇನೆ. ಗಂಡ ಸತ್ತವಳು ಕೇರಿಯ ಗಂಡಸಿನ ಜೊತೆ ಅಗಳಿ ಹಾಕಿಕೊಂಡು ಹೊತ್ತು ಮುಳುಗುವವರೆಗೆ ಇದ್ದಳು ಎಂದು ಇಡೀ ಊರು ಆಡಿಕೊಳ್ಳುವುದು ಆ ಗಳಿಗೆಯಲ್ಲಿ ನನಗೆ ಕೇಳಿಸಿತು. ಅಣ್ಣನ ಮುಖ ಕಂಡಿತು. ಕಾಶೀರಾಮನ ಜೀವ ಕಾಣಲಿಲ್ಲ. ನಾಲ್ಕು ಜನ ಅವನನ್ನು ಹಳ್ಳದ ಕಡೆ ನಡೆಸಿಕೊಂಡು ಹೋದರು. ಅವರು ತಿರುಗಿ ಬಂದರು, ಅವನು ಬರಲಿಲ್ಲ. ಅಂದು ಸಂಜೆ ಕೇರಿಯ ಆರು ಗುಡಿಸಲು ಸುಟ್ಟರು.

ದೀಪಾವಳಿಯ ಮುಂದೆ ಎಲ್ಲ ಹೇಳಿಬಿಡಬೇಕೆಂದು ಔರಾದಿನ ಕಚೇರಿಯವರೆಗೆ ಹೋಗಿದ್ದೆ. ಬೇವಿನ ಗಿಡದ ಕೆಳಗೆ ಕೂತು, ಯಾರೋ ನನ್ನ ಹೆಸರು ಕೇಳಿದ ಕೂಡಲೆ ಎದ್ದು, ಸಂತಪುರದ ಕಡೆ ಹೊರಟಿದ್ದ ಗಾಡಿ ಹತ್ತಿ ಬಂದೆ.

ಈಗ ಊರೊಳಗೆ ಸರಕಾರಿ ಕನ್ನಡ ಸಾಲಿ ಆಗುತ್ತದೆ. ನನ್ನನ್ನೇ ಅದರ ಮುಖ್ಯ ಅಧ್ಯಾಪಕಿ ಮಾಡಲು ಮನ್ಮಥಪ್ಪನವರು ಬೀದರಿಗೆ ಬರೆದಿದ್ದಾರೆ. ಕೇರಿಯ ಮಕ್ಕಳು ಬೇಕಾದರೆ ಹೊರಗಿನ ಕಟ್ಟೆಯ ಮೇಲೆ ಕೂಡಲಿ ಎಂದಿದ್ದಾರೆ. ಬರುವವರಾದರೂ ಯಾರು? ಸುಟ್ಟ ಮನೆಯವರು ಊರು ಬಿಟ್ಟರು. ಉಳಿದವರು ನನ್ನ ಅಂಗಳದ ಹತ್ತಿರ ಸುಳಿಯುವುದಿಲ್ಲ. ಜಿಜಾ ಒಬ್ಬಳೇ ಬರುತ್ತಾಳೆ. ಒಮ್ಮೆಯೂ ಅಪ್ಪನ ಮಾತೆತ್ತಿಲ್ಲ. ಅವಳು ಪಾಟಿಯ ಮೇಲೆ ಬಗ್ಗಿ ಬರೆಯುವಾಗ ನಾನು ಗೋಡೆ ನೋಡುತ್ತೇನೆ.

ಬರಬೇಡ ಎನ್ನಲು ನಾನು ಯಾರು? ಆದರೆ ನನ್ನನ್ನು ನೋಡಿ, ನಾನು ಮಾಡಿದ್ದನ್ನು ದೊಡ್ಡದೆಂದು ನಂಬಿ ಬರಬೇಡ. ನಾನು ಇಲ್ಲಿಗೆ ಬರದೇ ಇದ್ದಿದ್ದರೆ ಕಾಶೀರಾಮ ಆ ಮಧ್ಯಾಹ್ನ ತನ್ನ ಜನರ ನಡುವೆ ಇರುತ್ತಿದ್ದ. ಕಂಡವರು ಹತ್ತು ಜನ ಇರುತ್ತಿದ್ದರು.

ನಿನ್ನ ಗೆಳತಿ ಅನ್ನಿಸಿಕೊಳ್ಳಲು ಅಂಜುತ್ತಿರುವ,
ಶಿವಕಾಂತಾ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಕಾಶೀರಾಮನ ಹೆಂಡತಿ ಶೇವಂತಾಬಾಯಿ ಮಗಳನ್ನು ಕರೆದುಕೊಂಡು ಬಂದಳು. ಗಂಡನನ್ನು ಹುಡುಕಿಸಿಕೊಡಿ ಎಂದು ಸರಕಾರಕ್ಕೆ ಅರ್ಜಿ ಕೊಡುತ್ತಾಳಂತೆ. ಬರೆಯುವವಳು ಜಿಜಾ, ನಾನು ತಪ್ಪು ತಿದ್ದಿದರೆ ಸಾಕು. ಅರ್ಧ ಬರೆದ ಮೇಲೆ ಶೇವಂತಾಬಾಯಿ ಅವಳ ಕೈ ತಡೆದು, ನನ್ನನ್ನು ನೋಡಿ ಮೆಲ್ಲಗೆ ಕೇಳಿದಳು: “ಅವತ್ತ ಅವ್ರು ಎಲ್ಲಿದ್ರು ಅಂತ ಬರೀಬೇಕ್ರಿ ಬಾಯಿ?” ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು, ಸುಭದ್ರಾ. ಹೊಲದಲ್ಲಿ ಎಂದು ಬರೆಸಿದೆ.