ಲಿಫ್ಟಿನ ಬೀಗರು

ಹಾಸ್ಟೆಲ್, ಮೂರನೇ ಮಹಡಿ
ಭಾನುವಾರ, ಮಾರ್ಚ್ ೯

ಪ್ರೀತಿಯ ಅಪ್ಪಾ,

ಬೆನ್ನು ಹೇಗಿದೆ? ಡಾಕ್ಟರ್ ಕೊಟ್ಟ ಬೆಲ್ಟನ್ನು ನಿಜವಾಗಿಯೂ ಕಟ್ಟಿಕೊಳ್ಳುತ್ತಿದ್ದೀರೋ, ಇಲ್ಲಾ ಟೂಲ್ ಬಾಕ್ಸಿನೊಳಗೆ ಮಡಚಿಟ್ಟಿದ್ದೀರೋ? ಸುಳ್ಳು ಹೇಳಬೇಡಿ, ಅಮ್ಮನಿಗೆ ಎಲ್ಲ ಗೊತ್ತು. ಆ ಹೊಸ ಊರಿನ ಕಟ್ಟಡಕ್ಕೆ ಲಿಫ್ಟು ಕೂರಿಸಲು ಹೋದ ಮೇಲೆ ನಿಮ್ಮ ದನಿ ಕೇಳುವುದೇ ಅಪರೂಪವಾಗಿದೆ. ಫೋನಿನಲ್ಲೇ ಹೇಳಬಹುದಿತ್ತು ಅಂತೀರಿ. ಆದರೆ ಫೋನಿನಲ್ಲಿ ನನ್ನ ಕನ್ನಡ ಅರ್ಧ ದಾರಿಯಲ್ಲೇ ಇಂಗ್ಲಿಷಿಗೆ ಜಾರುತ್ತದೆ, ನೀವು "ಸರಿ ಪುಟ್ಟೀ, ಆಮೇಲೆ ಮಾತಾಡೋಣ" ಅಂದು ಇಟ್ಟುಬಿಡುತ್ತೀರಿ. ಕಾಗದವನ್ನಾದರೆ ಹಾಗೆ ಇಡೋಕೆ ಆಗಲ್ಲ ನೋಡಿ.

ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಅಂದರೆ, ಊಟ ಮಾಡುತ್ತೇನೆ, ಕ್ಲಾಸಿಗೆ ಹೋಗುತ್ತೇನೆ. ತಟ್ಟೆ ಹಿಡಿದು ನಿಂತಾಗ ಯಾರ ಪಕ್ಕ ಕೂರಬೇಕು ಅನ್ನೋ ಟೆನ್ಷನ್ ಮಾತ್ರ ಹೋಗಿಲ್ಲ. ಹತ್ತು ವರ್ಷದವಳಿದ್ದಾಗಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದವಳಿಗೆ ಇಷ್ಟು ಹೊತ್ತಿಗೆ ಅಭ್ಯಾಸವಾಗಬೇಕಿತ್ತು. ಇಲ್ಲಿಯ ಲಿಫ್ಟು ಎರಡನೇ ಮಹಡಿ ದಾಟುವಾಗ ನರಳುತ್ತದೆ. "ಅದು ಜಾರೋ ರೈಲು ಕಂಬಿಗೆ ಎಣ್ಣೆ ಬೇಕು" ಅಂದೆ. ರೂಂಮೇಟ್ ನನ್ನನ್ನು ಒಂಥರಾ ನೋಡಿದಳು. ವಾರದ ಕೊನೆಗೆ ಅವಳು ಮನೆಗೆ ಹೋಗುತ್ತಾಳೆ. ಆಗ ನಾನು ಸುಮ್ಮನೆ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡುತ್ತೇನೆ. ನಗಬೇಡಿ, ಅದರ ಸದ್ದು ಕೇಳಿದರೆ ನೀವು ಪಕ್ಕದಲ್ಲೇ ಸ್ಪ್ಯಾನರ್ ಹಿಡಿದು ನಿಂತ ಹಾಗಿರುತ್ತದೆ.

ನಮ್ಮ ಡಿಪಾರ್ಟ್‌ಮೆಂಟಿನವರು ಫಸ್ಟ್ ಇಯರ್‌ನವರನ್ನು ಒಂದು ಸಂದರ್ಶನಕ್ಕೆ ಸಹಾಯಕರಾಗಿ ಕಳಿಸಿದ್ದಾರೆ. ಯಾವುದಕ್ಕೆ ಗೊತ್ತಾ? ಪ್ರತಿಭಾವಂತ ಮಕ್ಕಳನ್ನು ಆರಿಸುವ, ನಾನು ಓದಿದ ಅದೇ ಸರ್ಕಾರಿ ವಸತಿ ಶಾಲೆಗೆ. ಮಕ್ಕಳನ್ನು ಒಳಗೆ ಕರೆಯುವುದು, ನೀರು ಕೊಡುವುದು, ಟೈಮ್ ಮುಗಿದಾಗ ಗಂಟೆ ಒತ್ತುವುದು ನನ್ನ ಕೆಲಸ. ಮೇಜಿನ ಮೇಲೆ ನನ್ನ ಸಂದರ್ಶನದಲ್ಲಿ ಕೊಟ್ಟಿದ್ದ ಅದೇ ಚಿತ್ರ ಇತ್ತು ಅಪ್ಪಾ! ತುಂಬಾ ಜನ ನಿಂತ ದೊಡ್ಡ ಪೆಟ್ಟಿಗೆ, ಮೇಲೆ ಪುಟಾಣಿ ಮೋಟಾರು, ನಡುವೆ ಹಗ್ಗ. ಇಷ್ಟು ಸಣ್ಣ ಮೋಟಾರು ಇಷ್ಟು ಭಾರ ಹೇಗೆ ಎತ್ತುತ್ತೆ ಅನ್ನೋ ಅದೇ ಪ್ರಶ್ನೆ. ನಾನಾಗ ಉಸಿರು ಬಿಡದೆ ಹೇಳಿದ್ದೆ, "ಆ ಕಡೆ ಬೀಗರಿರ್ತಾರೆ, ನಾವು ಮೇಲೆ ಹೋದ್ರೆ ಅವರು ಕೆಳಗೆ ಇಳೀತಾರೆ." ಮೆಷಿನ್ ರೂಮಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ಲಿಫ್ಟಿಗೆ ಸಮತೂಕವಾಗಿ ಹಗ್ಗದ ಇನ್ನೊಂದು ತುದಿಯಲ್ಲಿ ನೇತಾಡುವ ಕಬ್ಬಿಣವನ್ನು ತೋರಿಸಿ ನೀವು ಹೇಳಿದ್ದ ತಮಾಷೆ ಅದು. "ಬೀಗರು ಅಂದ್ರೆ ಹಾಗೇನೇ, ಮಧ್ಯದಲ್ಲಿ ಒಂದ್ಸಲ ಮುಖ ತೋರಿಸಿ ಹೋಗಿಬಿಡ್ತಾರೆ" ಅಂತ. ಸಂದರ್ಶನದವರು ಬಿದ್ದುಬಿದ್ದು ನಕ್ಕರು, ಮಗು ತಾನೇ ಯೋಚಿಸಿ ಹೇಳಿತು ಅಂದುಕೊಂಡರು, ಸೀಟು ಕೊಟ್ಟರು. ಆಮೇಲೆ ನಾವಿಬ್ಬರೂ ಬೀಗರೇ ಆಗಿಬಿಟ್ಟೆವು ಅಲ್ವಾ? ರಜೆಯಲ್ಲಿ ನಾನು ಬಂದರೆ ನೀವು ಕೆಲಸಕ್ಕೆ, ನೀವು ಬಂದರೆ ನಾನು ಬಸ್ಸಿಗೆ.

ಗುರುವಾರ ಒಬ್ಬಳು ಬಂದಳು. ಊರಾಚೆಯ ಇಟ್ಟಿಗೆ ಗೂಡಿನ ಹತ್ತಿರದವಳು, ಬಿಗಿಯಾಗಿ ಎರಡು ಜಡೆ. ಚಿತ್ರ ನೋಡಿ, "ಇದು ರೂಮಾ? ಕಿಟಕಿ ಯಾಕಿಲ್ಲ?" ಅಂತ ಕೇಳಿದಳು. ಲಿಫ್ಟನ್ನೇ ನೋಡಿರಲಿಲ್ಲ ಅಪ್ಪಾ. ಅದು ಏನು ಅಂತ ಅರ್ಥ ಮಾಡಿಕೊಳ್ಳುವಷ್ಟರಲ್ಲೇ ಟೈಮ್ ಮುಗಿಯಿತು. ಗಂಟೆ ಒತ್ತಿದವಳು ನಾನೇ. ಅವಳು ಎದ್ದಳು, ಬಾಗಿಲ ತನಕ ಹೋದಳು, ತಿರುಗಿ, "ಅಕ್ಕಾ, ಹಗ್ಗದ ಆ ತುದೀಲೂ ಅಷ್ಟೇ ಜನ ನೇತಾಡಿದ್ರೆ ಆಗುತ್ತಲ್ವಾ?" ಅಂದಳು. ನಾನು ನೋಡಿದ್ದನ್ನು ಹೇಳಿದ್ದೆ, ಅವಳು ಕಾಣದ್ದನ್ನು ಕಂಡುಹಿಡಿದಳು. ಸಂದರ್ಶನದ ಅಧ್ಯಕ್ಷೆ ಮೇಡಂ, "ಟೈಮ್ ಮುಗೀತಮ್ಮಾ" ಅಂದು ಸೊನ್ನೆ ಹಾಕಿದರು. ಅವರೇನು ಕೆಟ್ಟವರಲ್ಲ. "ಎಲ್ಲರಿಗೂ ಒಂದೇ ಚಿತ್ರ, ಒಂದೇ ಟೈಮು, ಇನ್ನೇನು ಮಾಡೋಕಾಗುತ್ತೆ?" ಅಂತ ನನ್ನ ಮುಖ ನೋಡಿದರು.

ನೀವು ತಮ್ಮನಿಗೆ ದಿನಾ ಫೋನಿನಲ್ಲಿ ಬೀಗರ ಪಾಠ ಮಾಡುತ್ತಿದ್ದೀರಂತೆ, "ಆ ಚಿತ್ರ ಬಂದ್ರೆ ನಮ್ಮೋನು ಗೆದ್ದ ಹಾಗೇ" ಅಂದಿರಂತೆ. ಅಮ್ಮ ಹೇಳಿದಳು. ಅವನ ಸರದಿ ಬರುವ ವಾರ ಇದೇ ಕೇಂದ್ರದಲ್ಲಿ. ಅಮ್ಮ ಆಗಲೇ ಅವನ ಟ್ರಂಕಿಗೆ ಹೊಸ ಬೀಗ ತಂದಿದ್ದಾಳೆ.

ಹುಷಾರಾಗಿರಿ. ಶಾಫ್ಟಿನೊಳಗೆ ಇಳಿಯುವಾಗ ಹೆಲ್ಮೆಟ್ ಹಾಕಿ, ಆ ಬೆಲ್ಟನ್ನೂ ಕಟ್ಟಿ. ಜೊತೆಯ ಮೇಸ್ತ್ರಿ ಮಾಮನಿಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ
ಪುಟ್ಟಿ

ಮರೆತಿದ್ದೆ: ಅಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಇರಲಿಲ್ಲ. ಆ ಹುಡುಗಿ ಹೋದ ಮೇಲೆ ಮೇಡಂಗೆ ಎಲ್ಲ ಹೇಳಿಬಿಟ್ಟೆ. ನಿಮ್ಮ ಕೆಲಸ, ಮೆಷಿನ್ ರೂಮು, ಬೀಗರು, ಲಿಫ್ಟು ಕಂಡವರಿಗಷ್ಟೇ ಆ ಚಿತ್ರ ಸುಲಭ ಅನ್ನೋದು, ಎಲ್ಲ. ಅರ್ಧಕ್ಕರ್ಧ ಇಂಗ್ಲಿಷಿನಲ್ಲೇ ಹೇಳಿದೆ. ನಿನ್ನೆ ಆ ಚಿತ್ರ ತೆಗೆದುಹಾಕಿದರು. ಅದನ್ನು ನೋಡಿದ ಮಕ್ಕಳನ್ನೆಲ್ಲ ಮತ್ತೆ ಕರೆಯುತ್ತಾರೆ, ಅವಳನ್ನೂ. ತಮ್ಮನಿಗೆ ಇನ್ನು ಆ ಚಿತ್ರ ಬರುವುದಿಲ್ಲ ಅಪ್ಪಾ. ಅವನಿಗೆ ಸೀಟು ಸಿಗದೆ ಹೋಗಬಹುದು, ಮನೆಯಲ್ಲೇ ಉಳಿಯಬಹುದು. ಅದಕ್ಕೆ ನನಗೆ ಬೇಜಾರೋ ಸಮಾಧಾನವೋ, ನಿಜವಾಗಿಯೂ ಗೊತ್ತಾಗುತ್ತಿಲ್ಲ. ಫೋನ್ ಮಾಡಿ. ಎಷ್ಟು ಬೇಕಾದರೂ ಬೈಯಿರಿ. ಬೈದು ಮುಗಿದ ಮೇಲೂ ಸ್ವಲ್ಪ ಹೊತ್ತು ಇಡಬೇಡಿ.