ಅತ್ತಿಗೆಯ ಮಲ್ಲಿಗೆ ಬಿರಿಯಿತು

ಏಪ್ರಿಲ್ ೨೭, ಭಾನುವಾರ.

ವರ್ಷದಿಂದ ಮಾತು ಬಿಟ್ಟಿದ್ದ ಉಷಾರಾಣಿ ಅತ್ತಿಗೆ ಇವತ್ತು ಜಾವಗಲ್‌ನಿಂದ ಫೋನ್ ಮಾಡಿದರು! ಅವರಿಗೆ ನನ್ನ ಮಲ್ಲಿಗೆ ಬಳ್ಳಿಯ ಕಡ್ಡಿಯನ್ನೇ ಕೊಟ್ಟಿದ್ದೆ. ದೃಷ್ಟಿಯಾಗದಿರಲೆಂದು ಅದನ್ನು ನೆಟ್ಟ ಕುಂಡವನ್ನು ಬಚ್ಚಲ ಹಿಂದೆ ಬಚ್ಚಿಟ್ಟರು. ಜನರ ಕಣ್ಣಿನೊಂದಿಗೆ ಸೂರ್ಯನ ಕಣ್ಣೂ ತಪ್ಪಿತು. ಹೂ ಬಿಡಲಿಲ್ಲ. ನಾನು ಬೇಕೆಂದೇ ಗೊಡ್ಡು ಕಡ್ಡಿ ಕೊಟ್ಟೆನೆಂದು ಮುನಿಸು. ಕಡ್ಡಿಯನ್ನು ಗುಡ್ಡ ಮಾಡುವುದೆಂದರೆ ಇದೇ. ಕೊನೆಗೆ ಅಣ್ಣನ ಕೈಲಿ ಹೇಳಿಸಿದೆ: ಕಾಯಿಯಿಂದ ಹುಟ್ಟುವ ತೆಂಗಿನಲ್ಲಿ ಮರಕ್ಕೊಂದು ಗುಣ, ಕಡ್ಡಿಯಿಂದ ಬೆಳೆದ ಗಿಡಕ್ಕೆ ತಾಯಿಬಳ್ಳಿಯದೇ ಗುಣ, ನನ್ನದು ಹೂ ಬಿಡುವಾಗ ಅದೂ ಬಿಡಲೇಬೇಕು, ಬಿಸಿಲಿಗಿಟ್ಟು ನೋಡಲಿ.

“ತಾರಸಿ ಮೇಲಿಟ್ಟೆ ಕಣೇ, ಬುಟ್ಟಿ ತುಂಬ ಬಿಟ್ಟೈತೆ!”

“ಗೊಡ್ಡು ಅಂದಿದ್ರಲ್ಲ ಅತ್ತಿಗೆ?”

“ಜಾಗ ಗೊಡ್ಡು ಕಣೇ, ಗಿಡ ಅಲ್ಲ. ನಾಳೆ ಬಾ, ನಾನೇ ಮುಡಿಸ್ತೀನಿ.”

ಮೊದಲ ಬಸ್ಸಿಗೇ ಹೊರಡಬೇಕು. ನನ್ನ ಬಳ್ಳಿಯ ಒಂದು ಮೊಗ್ಗನ್ನೂ ಮುಡಿಯದೆ ಬರೀ ಜಡೆಯಲ್ಲೇ ಹೋಗುತ್ತೇನೆ. ಜಾಗವೆಲ್ಲ ಅತ್ತಿಗೆಯ ಹೂವಿಗೇ…